ಬಚ್ಚಲೊಲೆಯ ಹೊಗೆ, ಮೂರು ಆಪ್‌ಗಳು ಮತ್ತು ನನ್ನ ಬಲಗಾಲು

ನನ್ನ ಬಲಗಾಲು ಉಳಿಯಿತು! ಐದಕ್ಕೆ ಐದು ಬೆರಳುಗಳೂ ಉಳಿದವು! ಮೊನ್ನೆ ಗುರುವಾರ ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಬ್ಯಾಂಡೇಜು ಬಿಚ್ಚಿ, ಎರಡನೇ ಬೆರಳನ್ನು ಒತ್ತಿ, ಬಿಳಿಚಿದ ಜಾಗ ಮತ್ತೆ ಕೆಂಪಾಗುವುದನ್ನು ನೋಡಿದರು. ಇನ್ನೊಮ್ಮೆ ಒತ್ತಿದರು. ಆಮೇಲೆ, "ಅಜ್ಜಿ, ಇನ್ನು ಇದಕ್ಕೆ ಬಟ್ಟೆ ಸುತ್ತುವುದು ಬೇಡ. ಚಪ್ಪಲಿ ಹಾಕಿಕೊಂಡು ನಡೆದು ಹೋಗಿ" ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ. ಹೊರಗೆ ಕಾಯುತ್ತಿದ್ದವರು ಒಳಗೆ ಏನಾಯಿತೋ ಎಂದು ಬಾಗಿಲಲ್ಲಿ ಇಣುಕಿದರು. ಪಕ್ಕದಲ್ಲಿದ್ದ ಮೊಮ್ಮಗಳು ಶ್ರಾವ್ಯ ಫೋನು ನನ್ನ ಮುಖದ ಎದುರು ಹಿಡಿದಳು. ಬೀಡಿ ಬಿಟ್ಟು ಇನ್ನೂರ ಹನ್ನೊಂದು ದಿನ ಎಂದು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಇತ್ತು.

ಹೌದು, ಬೀಡಿಯೇ. ಸೇದುತ್ತಿದ್ದವಳು ನಾನೇ. ಅರವತ್ತೆಂಟು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಮೂವರು ಮೊಮ್ಮಕ್ಕಳ ಅಜ್ಜಿ. ನನ್ನ ಹಾಗೆ ಬಚ್ಚಲಿನಲ್ಲೋ ಕೊಟ್ಟಿಗೆಯ ಹಿಂದೆಯೋ ಕದ್ದು ಸೇದುವ ಹೆಂಗಸರು ಇನ್ನೂ ಇದ್ದಾರು. ಬೆರಳು ಕಪ್ಪಾದಾಗ ಅವರು ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಅಕ್ಷರ ತಪ್ಪಿದಲ್ಲಿ ಶ್ರಾವ್ಯ ತಿದ್ದಿದ್ದಾಳೆ.

ನನ್ನ ತವರು ಕಾರ್ಕಳ. ಹನ್ನೆರಡು ವರ್ಷಕ್ಕೆ ಬೀಡಿ ಕಟ್ಟಲು ಕೂತವಳು. ಒಂದು ಮಳೆಗಾಲದಲ್ಲಿ ಹಲ್ಲುನೋವು ಬಂದು ಎರಡು ದಿನ ಅತ್ತೆ. ನನ್ನ ಅಜ್ಜಿ ಒಂದು ಬೀಡಿ ಹಚ್ಚಿ, "ಹೊಗೆ ನೋವಿದ್ದ ಕಡೆ ನಿಲ್ಲಿಸು, ನುಂಗಬೇಡ" ಎಂದು ಕೊಟ್ಟರು. ಹಲ್ಲುನೋವು ಹೋಯಿತು, ಬೀಡಿ ಉಳಿಯಿತು. ಮದುವೆಯಾಗಿ ಹಿರಿಯಡ್ಕಕ್ಕೆ ಬಂದ ಮೇಲೆ ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ನನ್ನದಾಯಿತು. ತೆಂಗಿನ ಹಸಿ ಮಡಲು, ಸಿಪ್ಪೆ ತುರುಕಿದರೆ ಬಚ್ಚಲುಮನೆ ತುಂಬ ಹೊಗೆ. ಅದರ ಜೊತೆ ಒಂದು ಬೀಡಿಯ ಹೊಗೆ ಸೇರಿದರೆ ಯಾರಿಗೆ ಗೊತ್ತಾಗುತ್ತದೆ? ಸೊಟ್ಟಗೆ ಕಟ್ಟಿಹೋದ ಬೀಡಿಗಳನ್ನು ಬೀಡಿ ಕಂಪನಿಯ ಬ್ರಾಂಚಿನವರು ತೆಗೆದುಕೊಳ್ಳುವುದಿಲ್ಲ, ಅವೇ ನನಗೆ ಸಾಕಿತ್ತು. ಆಮೇಲೆ ಎರಡು ಪೇರಳೆ ಎಲೆ ಅಗಿದು ಉಗುಳಿ ಚಾ ಇಡಲು ಹೋಗುತ್ತಿದ್ದೆ. ಕೈಯಲ್ಲಿ, ಸೀರೆಯಲ್ಲಿ ಹೊಗೆಸೊಪ್ಪಿನ ವಾಸನೆ ಹೇಗೂ ಇರುತ್ತಿತ್ತು, ಬೀಡಿ ಕಟ್ಟುವವಳಲ್ಲವೇ? ಇಷ್ಟು ವರ್ಷ ಯಾರಿಗೂ ಸಂಶಯ ಬರಲಿಲ್ಲ.

ಅದರಲ್ಲೂ ನಮ್ಮ ಮನೆಯವರು, ದೇಜಪ್ಪ, ಬೀಡಿ ಎಂದರೆ ಮುಖ ತಿರುಗಿಸುವವರು. ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಸೀಟಿ ಊದಿ ಬಸ್ಸು ನಿಲ್ಲಿಸುತ್ತಿದ್ದರಂತೆ. ಇವರ ಅಭ್ಯಾಸ ಎಲೆಯಡಿಕೆ ಒಂದೇ.

ಕಳೆದ ವರ್ಷ ಬ್ರಾಂಚಿಗೆ ಬೀಡಿ ಕೊಡಲು ಹೋಗುವಾಗ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಮೊದಲು ಒಂದು ಕಡೆ ನಿಲ್ಲುತ್ತಿದ್ದೆ, ಆಮೇಲೆ ಮೂರು ಕಡೆ. ನಿಂತರೆ ಹೋಗುತ್ತದೆ, ನಡೆದರೆ ಬರುತ್ತದೆ. ವಯಸ್ಸಾಯಿತು ಎಂದುಕೊಂಡೆ. ಒಂದು ದಿನ ಹೊಸ್ತಿಲಿಗೆ ಎಡವಿ ಬಲಗಾಲಿನ ಎರಡನೇ ಬೆರಳು ತರಚಿತು. ಅರಸಿನ ಹಚ್ಚಿದೆ, ಎಣ್ಣೆ ಹಚ್ಚಿದೆ, ಅಂಗಡಿಯ ಮುಲಾಮು ಹಚ್ಚಿದೆ. ತಿಂಗಳಾದರೂ ಗಾಯ ಒಣಗಲಿಲ್ಲ. ಬೆರಳಿನ ತುದಿ ನೀಲಿಯಾಯಿತು. ಸೊಸೆ ಸುಜಾತ ಒಂದು ಬೆಳಿಗ್ಗೆ ನನ್ನ ಕಾಲು ಎಳೆದು ತನ್ನ ಮಡಿಲಲ್ಲಿಟ್ಟು ನೋಡಿದವಳು, "ಅತ್ತೆ, ಇದು ಮುಲಾಮಿಗೆ ಹೋಗುವ ಗಾಯ ಅಲ್ಲ. ಹೊರಡಿ" ಎಂದಳು.

ಆಸ್ಪತ್ರೆಯ ಬೆಂಚಿನಲ್ಲಿ ನಾನು, ಇವರು, ಸುಜಾತ ಎಷ್ಟು ಹೊತ್ತು ಕೂತೆವೋ! ನನ್ನ ಪಕ್ಕದಲ್ಲಿ ಘಟ್ಟದ ಮೇಲಿನ ಕಡೆಯ ಒಬ್ಬರು ಕೂತಿದ್ದರು. ಅವರ ಪ್ಯಾಂಟಿನ ಒಂದು ಕಾಲು ಮೊಣಕಾಲಿನಿಂದ ಮೇಲೆ ಮಡಚಿ ಪಿನ್ನು ಹಾಕಿತ್ತು. ನಾನು ಅದನ್ನೇ ನೋಡುವುದನ್ನು ಕಂಡು ಅವರೇ ಹೇಳಿದರು: "ಮೊದಲು ಬೆರಳು ತೆಗೆದ್ರು, ಆಮೇಲೆ ಪಾದ, ಆಮೇಲೆ ಇಷ್ಟು. ನಾನು ಸಿಗರೇಟು ಬಿಡಲಿಲ್ಲ ನೋಡಿ." ಹೀಗೆ ಹೇಳಿ ಒಂದು ಬಿಸ್ಕೆಟ್ ಪ್ಯಾಕೆಟ್ ಒಡೆದು ಅರ್ಧ ನನಗೆ ಕೊಟ್ಟರು. ನಾನು ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಟ್ಟೆ.

ಕಾಲಿಗೆ ತಣ್ಣನೆಯ ಜೆಲ್ಲಿ ಹಚ್ಚಿ ರಕ್ತ ಓಡುವ ಸದ್ದು ಕೇಳಿಸುವ ಪರೀಕ್ಷೆ ಮಾಡಿದರು. ಎಡಗಾಲಿನಲ್ಲಿ ಸದ್ದು ಬಂತು. ಬಲಗಾಲಿನಲ್ಲಿ ಪಾದದ ಹತ್ತಿರ ಸುಮ್ಮನಾಯಿತು. ಡಾಕ್ಟರು ಕಾಗದ ನೋಡಿ, "ಸಕ್ಕರೆ ಕಾಯಿಲೆ ಇಲ್ಲ. ಆದರೂ ರಕ್ತನಾಳ ಮುಚ್ಚುತ್ತಾ ಬಂದಿದೆ. ಇಂಥದ್ದು ಹೆಚ್ಚಾಗಿ ಹೊಗೆಯಿಂದ ಬರುವುದು. ನೀವು ಸೇದುತ್ತೀರಾ?" ಎಂದು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸುಜಾತ, "ಅಯ್ಯೋ, ಇಲ್ಲ ಡಾಕ್ಟ್ರೇ! ನಮ್ಮ ಅತ್ತೆ ಬೀಡಿ ಕಟ್ಟುದು ಮಾತ್ರ" ಎಂದಳು. ನಾನೂ ಹೌದೆಂದು ತಲೆಯಾಡಿಸಿದೆ.

"ಹಾಗಾದರೆ ಮನೆಯಲ್ಲಿ ಬೇರೆ ಯಾರಾದರೂ?"

ಸುಜಾತ ಮೆಲ್ಲಗೆ ಮಾವನ ಕಡೆ ತಿರುಗಿದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ತಡೆಯಲಾಗಲಿಲ್ಲ. "ಮಾವ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಬಚ್ಚಲಲ್ಲಿ ಒಮ್ಮೊಮ್ಮೆ ಬೀಡಿ ವಾಸನೆ ಬರ್ತದೆ."

"ಬೀಡಿ ಕಟ್ಟುವ ಮನೆಯಲ್ಲಿ ಮತ್ತೆ ಎಂತ, ಅಗರಬತ್ತಿ ವಾಸನೆ ಬರ್ತದಾ?"

"ಕಟ್ಟಿದ ಬೀಡಿಯದ್ದಲ್ಲ ಮಾವ. ಸುಟ್ಟ ಬೀಡಿಯದ್ದು."

"ನಾನಾ?" ಇವರ ಸ್ವರ ಇಡೀ ಬಸ್ಸಿಗೆ ಕೇಳಿತು. "ನಾನು ಬೀಡಿ ಸೇದುವವರನ್ನು ಪರ್ಕಳದಲ್ಲಿ ಬಸ್ಸಿನಿಂದ ಇಳಿಸಿದವ! ಬೇಕಾದ್ರೆ ಡ್ರೈವರನತ್ರ ಕೇಳು!"

ಬಸ್ಸು ಆಗ ಪರ್ಕಳದಲ್ಲೇ ನಿಂತಿತ್ತು. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಕಾಯಿಲೆಯ ಕಥೆಯಲ್ಲಿ ನನಗೆ ಈಗಲೂ ನೋಯುವ ಜಾಗ ಅದೇ.

ಶ್ರಾವ್ಯ ಮಣಿಪಾಲದಲ್ಲಿ ಫಾರ್ಮಸಿ ಓದುತ್ತಾಳೆ. ಅಂದು ಸಂಜೆ ವಿಷಯ ಕೇಳಿ ಅವಳು ಕೂಗಾಡಲಿಲ್ಲ. ಮರುದಿನ ಕಾಲೇಜಿನಲ್ಲಿ ಮೇಡಮ್ಮಿನ ಹತ್ತಿರ ಕೇಳಿಕೊಂಡು ಬಂದು, "ಅಜ್ಜ, ಬೀಡಿ ಸಿಗರೇಟು ಬಿಡಿಸಲಿಕ್ಕೆ ಫೋನಿನಲ್ಲಿ ಆಪ್ ಉಂಟು. ನಾನು ಮೂರು ಆರಿಸಿದ್ದೇನೆ. ಒಂದೊಂದೇ ಹಾಕಿ ನೋಡುವ, ಯಾವುದು ಒಳ್ಳೆದು ಅಂತ ಹೋಲಿಸುವ" ಎಂದಳು. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ಮೂರು ಮನೆ ಮಾಡಿದಳು.

"ನಾನು ಸೇದುದಿಲ್ಲ ಮಾರಾಯ್ತಿ" ಎಂದರು ಇವರು.

"ಎಲ್ಲರೂ ಮೊದಲು ಹಾಗೇ ಹೇಳುದಂತೆ ಅಜ್ಜ. ಬೇಜಾರಿಲ್ಲ."

ಹೀಗೆ ಮೊದಲನೆಯ ಆಪ್ ಹುಟ್ಟಿನಿಂದ ಬೀಡಿ ಮುಟ್ಟದ ನನ್ನ ಗಂಡನ ಫೋನಿಗೆ ಬಿತ್ತು! ದಿನಾ ಸಂಜೆ ಅದು ಟಿಂಗ್ ಎನ್ನುತ್ತಿತ್ತು, ಇಂದು ಎಷ್ಟು ಎಂದು ಕೇಳುತ್ತಿತ್ತು, ಇವರು ಸಿಟ್ಟಿನಲ್ಲಿ ಸೊನ್ನೆ ಒತ್ತುತ್ತಿದ್ದರು. ವಾರಕ್ಕೆ ಬೆಳ್ಳಿ ಪದಕ ಬಂತು, ತಿಂಗಳಿಗೆ ಚಿನ್ನದ್ದು. ಶ್ರಾವ್ಯ ಬೆರಗಾದಳು. "ಅಜ್ಜ, ಮೊದಲ ದಿನದಿಂದಲೇ ಸೊನ್ನೆ! ನಿಮ್ಮಷ್ಟು ಗಟ್ಟಿ ಮನಸ್ಸು ಯಾರಿಗೂ ಇಲ್ಲ."

"ಸೇದದವನಿಗೆ ಬಿಡ್ಲಿಕ್ಕೆ ಎಂತ ಕಷ್ಟ?"

ಅವಳು ನೋಟುಬುಕ್ಕಿನ ಮೊದಲನೆಯ ಮನೆಯಲ್ಲಿ 'ಅತ್ಯುತ್ತಮ' ಎಂದು ಬರೆದಳು. ಅದೇ ತಿಂಗಳಲ್ಲಿ ನನ್ನ ಬೆರಳು ಉಗುರಿನವರೆಗೆ ಕಪ್ಪಾಯಿತು. ನಾನು ಬೆಳಿಗ್ಗೆ ಮಡಲಿನ ಹೊಗೆಯಲ್ಲಿ ಕೂತು ಆ ಬೆರಳನ್ನು ನೋಡುತ್ತಾ ಬೀಡಿ ಎಳೆಯುತ್ತಿದ್ದೆ. ಹೆದರಿಕೆ ಹೆಚ್ಚಾದಷ್ಟೂ ಇನ್ನೊಂದು ಬೇಕಾಗುತ್ತಿತ್ತು. ಅನುಭವಿಸಿದವರಿಗೆ ಇದು ಗೊತ್ತು.

ಎರಡನೇ ಸಲ ಹೋದಾಗ ಡಾಕ್ಟರು ನಗಲಿಲ್ಲ. "ಬಲೂನು ಹಾಕಿ ನಾಳ ತೆರೆಯುತ್ತೇವೆ. ಆದರೆ ಅಜ್ಜಿಗೆ ಹೊಗೆ ತಾಗುವುದು ನಿಲ್ಲದಿದ್ದರೆ ಅದು ಮತ್ತೆ ಮುಚ್ಚುತ್ತದೆ. ಆಗ ಪಾದ ಉಳಿಸಲು ನಮ್ಮಿಂದ ಆಗದು" ಎಂದರು.

ಆಗ ಇವರು ಕುರ್ಚಿಯಿಂದ ಎದ್ದು ನಿಂತರು. ಕಂಡಕ್ಟರು ಚೆಕಿಂಗಿನವರ ಎದುರು ನಿಂತ ಹಾಗೆ ನೇರ ನಿಂತು ಹೇಳಿದರು: "ಡಾಕ್ಟ್ರೇ, ನಾನು ಸೇದುದಿಲ್ಲ. ಯಾರೂ ನಂಬುದಿಲ್ಲ, ಇರ್ಲಿ. ನಾನು ಮನೆಯಲ್ಲಿ ಇದ್ದರೆ ಇವಳ ಕಾಲು ಹೋಗ್ತದೆ ಅಂತಾದ್ರೆ ನಾನು ಕಾಪುವಿಗೆ, ಮಗಳ ಮನೆಗೆ ಹೋಗಿ ಇರ್ತೇನೆ. ಇವಳಿಗೆ ಗುಣ ಆಗುವವರೆಗೆ ಬರುದಿಲ್ಲ."

ನನ್ನಿಂದ ತಡೆಯಲಾಗಲಿಲ್ಲ. "ಸೇದುದು ನಾನು" ಎಂದೆ. ಸ್ವರ ಹೊರಡಲಿಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. "ಇವರಲ್ಲ. ನಾನು. ಬಚ್ಚಲಿನಲ್ಲಿ."

ಸುಜಾತಳ ಕೈಯಿಂದ ಫೈಲು ಜಾರಿ ಕಾಗದಗಳೆಲ್ಲ ನೆಲಕ್ಕೆ ಬಿದ್ದವು. ಡಾಕ್ಟರು ಬಗ್ಗಿ ಅವನ್ನು ತಾವೇ ಹೆಕ್ಕಿದರು. ಬೈಯಲಿಲ್ಲ, ನಗಲಿಲ್ಲ. "ಈಗಲಾದರೂ ಹೇಳಿದಿರಲ್ಲ ಅಜ್ಜಿ, ಒಳ್ಳೆಯದಾಯಿತು. ದಿನಕ್ಕೆ ಎಷ್ಟು?" ಎಂದು ಕೇಳಿದರು, ಬಿಸಿಲೋ ಮಳೆಯೋ ಎಂದು ಕೇಳಿದಷ್ಟೇ ಸಹಜವಾಗಿ. "ಹತ್ತು ಹನ್ನೆರಡು" ಎಂದೆ. ಬರೆದುಕೊಂಡರು. ಆ ದೇವರಂಥ ಮನುಷ್ಯನಿಗೆ ನೂರು ವರ್ಷ ಆಯುಸ್ಸು ಸಿಗಲಿ!

ಇವರು ಬಸ್ಸಿನಲ್ಲಿ ನಮ್ಮ ಜೊತೆ ಕೂರದೆ ಮುಂದೆ ಹೋಗಿ ನಿಂತರು. ಮನೆಯಲ್ಲಿ ಮೂರು ದಿನ ನನ್ನ ಮುಖ ನೋಡಲಿಲ್ಲ. ಸುಜಾತ ಅತ್ತಳು, ಆಮೇಲೆ ತಲೆಯ ಮೇಲೆ ಕೈಹೊತ್ತು, "ನಾನು ಮಾವನ ಅಂಗಿಯೆಲ್ಲ ಮೂಸಿ ನೋಡಿದ್ದೆ ಮಾರಾಯ್ರೆ! ಒಗೆಯುವ ಮೊದಲು ಒಂದೊಂದಾಗಿ!" ಎಂದು ನಕ್ಕಳು, ಮತ್ತೆ ಅತ್ತಳು. ಶ್ರಾವ್ಯ ನೋಟುಬುಕ್ಕಿನ ಹಾಳೆ ಹರಿದು ಹಾಕಿದಳು. ಅವಳ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದ ರೋಗಿಗೆ ರೋಗವೇ ಇರಲಿಲ್ಲವಲ್ಲ.

ನಾಲ್ಕನೇ ಬೆಳಿಗ್ಗೆ ನಾನು ಎದ್ದು ಬಚ್ಚಲಿಗೆ ಹೋದರೆ ಆಗಲೇ ಒಳಗಿಂದ ಹೊಗೆ ಬರುತ್ತಿತ್ತು. ಇವರು ಒಲೆಯ ಎದುರು ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ನನ್ನನ್ನು ನೋಡದೆ ಹೇಳಿದರು: "ಇನ್ನು ಬಚ್ಚಲ ಬೆಂಕಿ ನನ್ನದು. ನೀನು ಈ ಕಡೆ ಬರ್ಬೇಡ."

"ತಪ್ಪಾಯ್ತು" ಎಂದೆ.

"ಹೌದು" ಎಂದರು. ಮತ್ತೆ ಊದಿದರು. "ಒಳಗೆ ಹೋಗು. ಕಾಲಿಗೆ ನೀರು ತಾಗ್ತದೆ."

ಅವರಿಗೆ ಒಲೆ ಹೊತ್ತಿಸಿ ಅಭ್ಯಾಸವೇ ಇರಲಿಲ್ಲ. ಒಂದು ತಿಂಗಳು ಇಡೀ ಮನೆ ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿತು. "ಮಾವ, ಇದು ಸ್ನಾನಕ್ಕಾ, ತೀರ್ಥ ಕೊಟ್ಟದ್ದಾ?" ಎಂದು ಸುಜಾತ ಒಳಗಿಂದ ಕೂಗುತ್ತಿದ್ದಳು.

ಬಲೂನಿನ ಚಿಕಿತ್ಸೆ ಆಯಿತು. ತೊಡೆಯ ಸಂದಿಯಿಂದ ಸಣ್ಣ ನಳಿಗೆ ಹಾಕಿದರು, ನಾನು ಎಚ್ಚರದಲ್ಲೇ ಇದ್ದೆ. ಆಮೇಲೆ ಪಾದ ಬೆಚ್ಚಗಾದದ್ದು ನನಗೇ ಗೊತ್ತಾಯಿತು, ಯಾರೋ ಅಂಗೈಯಲ್ಲಿ ಹಿಡಿದುಕೊಂಡ ಹಾಗೆ. ಇನ್ನು ಅದನ್ನು ಕಾಯುವುದು ನನ್ನ ಕೈಯಲ್ಲಿತ್ತು. ಡಾಕ್ಟರು ಅಗಿಯುವ ಮದ್ದು ಕೊಟ್ಟರು, ಕಾಳುಮೆಣಸಿನಂತೆ ನಾಲಿಗೆ ಚುರುಗುಟ್ಟುತ್ತದೆ. ಆಪ್ ಕೂಡ ಇರಲಿ ಎಂದರು. ಮದ್ದು ಬೇರೆ, ಆಪ್ ಬೇರೆ, ಎರಡೂ ಬೇಕು, ಮನೆಯವರೂ ಬೇಕು ಎಂದು ಅವರು ಹೇಳಿದ್ದನ್ನು ನಾನು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಶ್ರಾವ್ಯ ಮತ್ತೆ ಮೂರು ಮನೆ ಎಳೆದಳು. ಈ ಸಲ ನನ್ನ ಹೆಸರಿನಲ್ಲಿ, ಅವಳ ಹಳೆಯ ಫೋನಿನಲ್ಲಿ.

ಮೊದಲನೆಯದು ಅಜ್ಜನಿಗೆ ಚಿನ್ನ ಕೊಟ್ಟದ್ದೇ. ಒಳ್ಳೆಯ ಆಪ್. ಶ್ವಾಸಕೋಶದ ಚಿತ್ರ ದಿನದಿಂದ ದಿನಕ್ಕೆ ತಿಳಿಯಾಗುವುದನ್ನು ತೋರಿಸುತ್ತದೆ, ನೋಡಲು ಖುಷಿ. ಆದರೆ ಮಹಾ ಕಟ್ಟುನಿಟ್ಟು. ಒಂದು ಸೇದಿದೆ ಎಂದರೆ ಎಲ್ಲ ದಿನಗಳೂ ಸೊನ್ನೆಗೆ. ಎಂಟನೇ ದಿನ ನಾನು ಬಾವಿಕಟ್ಟೆಯ ಹಿಂದೆ ಹೋಗಿ ಒಂದು ಸೇದಿದೆ. ಸಂಜೆ ಅದು ಕೇಳಿದಾಗ ಸೊನ್ನೆ ಒತ್ತಿದೆ. ಅದು ನನಗೆ ಶಹಬ್ಬಾಸ್ ಹೇಳಿತು. ಶ್ರಾವ್ಯ ಬಸ್ಸಿಳಿದು ಬಂದವಳು ನನ್ನ ತಲೆಯ ಹತ್ತಿರ ಬಗ್ಗಿದಳು.

"ಆಪಿಗೆ ಮೂಗಿಲ್ಲ ಅಜ್ಜಿ. ನನಗುಂಟು."

ನಿಜ ಒತ್ತಿದೆವು. ಎಂಟು ದಿನ ಒಂದೇ ಏಟಿಗೆ ಹೋಯಿತು. ಹೇಗೂ ಸೊನ್ನೆಯಾಯಿತಲ್ಲ ಎಂದು ಮರುದಿನ ನಾಲ್ಕು ಸೇದಿದೆ, ವಾರದೊಳಗೆ ಮತ್ತೆ ಹನ್ನೆರಡು! ಶ್ರಾವ್ಯಳ ಗೆಳತಿಯ ತಂದೆ ಪರ್ಕಳದಲ್ಲಿ ಇದೇ ಆಪ್ ಹಿಡಿದು ಸಿಗರೇಟು ಬಿಟ್ಟಿದ್ದಾರೆ. ಅವರು ಹಟದ ಮನುಷ್ಯ, ಸೊನ್ನೆ ಕಂಡರೆ ಕೆರಳುವವರು. ನಾನು ಸೊನ್ನೆ ಕಂಡರೆ ಕುಸಿಯುವವಳು. ಆದ್ದರಿಂದ ಆಪ್ ಕೆಟ್ಟದ್ದೆಂದು ಹೇಳಲಾರೆ.

ಎರಡನೆಯದರಲ್ಲಿ ಒಂದು ಗಿಡ. ಸೇದದಿದ್ದರೆ ಚಿಗುರುತ್ತದೆ, ಸೇದಿದರೆ ಎರಡು ಎಲೆ ಉದುರುತ್ತವೆ, ಆದರೆ ಸಾಯುವುದಿಲ್ಲ. ಇದನ್ನು ಮಾಡಿದವರ ಮನಸ್ಸು ಎಷ್ಟು ಒಳ್ಳೆಯದು! ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳು ಆಡಿಸಿ ನೀರು ಹಾಕುತ್ತಿದ್ದೆ. "ನಿಜದ ಬಸಳೆ ಒಣಗ್ತಾ ಉಂಟು, ಫೋನಿನ ಗಿಡಕ್ಕೆ ನೀರು!" ಎಂದು ಇವರು ಗೊಣಗುತ್ತಿದ್ದರು. ಈಗ ಮಾತಾಡಲು ಶುರುಮಾಡಿದ್ದರು. ಅದರಲ್ಲಿ ಹನ್ನೆರಡರಿಂದ ಮೂರಕ್ಕೆ ಇಳಿದೆ. ಆ ಮೂರಕ್ಕಿಂತ ಕೆಳಗೆ ಮಾತ್ರ ಇಳಿಯಲಾಗಲಿಲ್ಲ. ಬೆಳಿಗ್ಗೆ ಗಿಡ ನೋಡಿ ಆಯಿತು, ಮಧ್ಯಾಹ್ನ ಆಸೆ ಬಂದರೆ ಏನು ಮಾಡುವುದು? ಗಿಡ ಅದನ್ನು ಹೇಳುವುದಿಲ್ಲ.

ಮೂರನೆಯದು ಕನ್ನಡದಲ್ಲಿ ಮಾತಾಡುತ್ತದೆ! ಒಂದು ಹುಡುಗಿಯ ಸ್ವರ, ಘಟ್ಟದ ಮೇಲಿನವಳಿರಬೇಕು. ಆಸೆ ಬಂದಾಗ ಒತ್ತಲು ಒಂದು ಕೆಂಪು ಗುಂಡಿ ಉಂಟು. ಒತ್ತಿದರೆ, "ಗಾಬರಿಯಾಗಬೇಡಿ, ಇದು ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಈಗ ಎಲ್ಲಿದ್ದೀರಿ? ಏನು ಮಾಡುತ್ತಿದ್ದೀರಿ?" ಎಂದು ಕೇಳುತ್ತದೆ. ನಾನು ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ, "ಕೈಗೆ ಕೆಲಸ ಕೊಡಿ. ನಿಮ್ಮ ಕೈಗೆ ಚೆನ್ನಾಗಿ ಬರುವ ಯಾವುದಾದರೂ ಕೆಲಸ" ಎನ್ನುತ್ತದೆ.

ನನಗೆ ಬಹಳ ಹಿಡಿಸಿತು. ಕೈಗೆ ಬರುವ ಕೆಲಸ ನನಗೆ ಒಂದೇ ಅಲ್ಲವೇ? ಆಸೆ ಬಂದಾಗೆಲ್ಲ ಗುಂಡಿ ಒತ್ತಿ, ಮೊರದಂಥ ಗೆರಸೆ ಎಳೆದುಕೊಂಡು ಬೀಡಿ ಕಟ್ಟಲು ಕೂತೆ! ಎಲೆ ಕತ್ತರಿಸು, ಹುಡಿ ಹಾಕು, ಸುತ್ತು, ನೂಲು ಬಿಗಿ. ಸೇದಲಿಲ್ಲ, ಸತ್ಯವಾಗಿ ಸೇದಲಿಲ್ಲ. ಆದರೆ ಕಟ್ಟಿದಷ್ಟೂ ಆಸೆ, ಆಸೆ ಬಂದಷ್ಟೂ ಕಟ್ಟು. ಬ್ರಾಂಚಿನವರಿಗೆ ಆಶ್ಚರ್ಯ. "ಗಿರಿಜಕ್ಕ, ಕಾಲು ಸರಿ ಇಲ್ಲ ಅಂತ ಕೇಳಿದ್ದೆ, ನೀವು ಮೊದಲಿಗಿಂತ ಜಾಸ್ತಿ ಕೊಡ್ತಾ ಇದ್ದೀರಲ್ಲ!" ಹತ್ತನೇ ದಿನಕ್ಕೆ ತಡೆಯಲಾಗದೆ ಎರಡು ಸೇದಿ, ಫೋನಿನ ಹುಡುಗಿಗೆ ನಿಜ ಹೇಳಿ ಅತ್ತೆ. ಅವಳು ಸೊನ್ನೆ ಮಾಡಲಿಲ್ಲ. "ನೀವು ನಿಜ ಹೇಳಿದ್ದು ಒಳ್ಳೆಯದಾಯಿತು. ನಾವು ಒಟ್ಟಿಗೆ ನೋಡೋಣ" ಎಂದಳು.

ಭಾನುವಾರ ಶ್ರಾವ್ಯ ನನ್ನ ಪಕ್ಕದಲ್ಲಿ ಕೂತು ಅದರಲ್ಲಿ ಬರೆದದ್ದನ್ನೆಲ್ಲ ಓದಿದಳು. ಎಲ್ಲಿದ್ದೀರಿ: ಜಗಲಿಯಲ್ಲಿ. ಏನು ಮಾಡುತ್ತಿದ್ದೀರಿ: ಬೀಡಿ ಕಟ್ಟುತ್ತಿದ್ದೇನೆ. ಜಗಲಿ, ಬೀಡಿ. ಜಗಲಿ, ಬೀಡಿ. ಪುಟ ಮುಗಿಯುವವರೆಗೆ ಅದೇ.

"ಅಜ್ಜಿ, ಆಸೆ ಬಂದಾಗ ಎಂತ ಮಾಡ್ತೀರಿ?"

"ಅವಳು ಹೇಳಿದ ಹಾಗೆ ಕೈಗೆ ಕೆಲಸ ಕೊಡ್ತೇನೆ."

"ಯಾವ ಕೆಲಸ?"

"ಬೀಡಿ ಕಟ್ಟುದು."

ಅವಳು ಹಣೆ ಚಚ್ಚಿಕೊಂಡಳು. ಒಳಗಿನಿಂದ ಇವರು ನಗುವುದು ಕೇಳಿತು. ಬಹಳ ದಿನಗಳ ಮೇಲೆ ಆ ನಗು. "ಕುಡಿಯುದು ಬಿಡ್ಲಿಕ್ಕೆ ಗಡಂಗಿನಲ್ಲಿ ಕೆಲಸಕ್ಕೆ ಸೇರಿದ ಹಾಗಾಯ್ತು!"

ಮುಂದಿನ ಸಲ ಆಸ್ಪತ್ರೆಯಲ್ಲಿ ಕೇಳಿದರೆ, ಹೊಗೆಸೊಪ್ಪಿನ ಹುಡಿ ಬೆರಳಿನ ಚರ್ಮದಿಂದಲೂ ಮೂಗಿನಿಂದಲೂ ಮೈಗೆ ಹೋಗುತ್ತದೆ, ಹಾಗಿದ್ದರೆ ಆಸೆ ಸಾಯುವುದು ಹೇಗೆ ಎಂದರು. ಬೀಡಿ ಬಿಡಬೇಕಾದರೆ ಬೀಡಿ ಕಟ್ಟುವುದನ್ನೂ ಬಿಡಬೇಕು. ಇದು ಸೇದುವುದನ್ನು ಬಿಡುವುದಕ್ಕಿಂತ ಕಷ್ಟವಾಯಿತು. ಹನ್ನೆರಡನೇ ವಯಸ್ಸಿನಿಂದ ಮಾಡಿದ ಕೆಲಸ. ಮಗನ ಫೀಸು, ಮಗಳ ಮದುವೆ, ಈ ಮನೆಯ ಹೆಂಚು ಎಲ್ಲದರಲ್ಲೂ ನನ್ನ ಬೀಡಿ ಉಂಟು. ಗೆರಸೆಯನ್ನು ಸುಜಾತ ಅಟ್ಟಕ್ಕೆ ಹಾಕಿದ ದಿನ ನನ್ನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಸುತ್ತುತ್ತಿದ್ದವು.

ಮಗಳು ಪುಷ್ಪ ಬಂದು ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದಳು. ಅವರದ್ದು ಮಲ್ಲಿಗೆ ತೋಟ. ಬೆಳಿಗ್ಗೆ ಮೊಗ್ಗು ಕೊಯ್ದು ತಂದು ರಾಶಿ ಹಾಕಿದರೆ ಮನೆಮಂದಿಯೆಲ್ಲ ಸುತ್ತ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಹೂವಿನ ಗಾಡಿ ಬರುವ ಮೊದಲು ಮುಗಿಯಬೇಕು. ನನ್ನ ಎದುರೂ ಒಂದು ರಾಶಿ ಇಟ್ಟಳು. ಮೊದಲ ದಿನ ನಾರು ಹರಿಯಿತು, ಬೀಡಿಯ ನೂಲಿನ ಹಾಗೆ ಎಳೆದೆ ನಾನು. ಮೂರನೇ ದಿನಕ್ಕೆ ಪುಷ್ಪಳ ಅತ್ತೆಗಿಂತ ವೇಗ. "ಬೀಡಿಯ ಕೈ ಅಲ್ವಾ, ಬಿಗಿ ಉಂಟು" ಎಂದರು ಅವರು. ಆಮೇಲೆ ಮೆಲ್ಲಗೆ, "ಅಕ್ಕ, ಒಂದು ಮಾತು. ಹೂ ದೇವರಿಗೆ ಹೋಗುದು. ಕೈಯಲ್ಲಿ ಎಂಜಲು ಇರ್ಬಾರ್ದು, ಹೊಗೆ ವಾಸನೆಯೂ ಇರ್ಬಾರ್ದು, ಆಯ್ತಾ?"

ಆಯಿತು. ಅಷ್ಟೇ ಸಾಕಾಯಿತು. ಡಾಕ್ಟರು ಕಾಲು ಹೋಗುತ್ತದೆ ಎಂದಾಗ ನಿಲ್ಲದ ಕೈ, ಯಾರೋ ಕಾಣದ ಗುಡಿಯಲ್ಲಿ ದೇವರ ಮುಡಿಗೆ ಏರುವ ಮೊಗ್ಗಿಗೆ ಹೆದರಿ ನಿಂತಿತು. ಆಸೆ ಬಂದರೆ ಕೆಂಪು ಗುಂಡಿ ಒತ್ತುತ್ತಿದ್ದೆ. ಹುಡುಗಿ ಕೇಳುತ್ತಿದ್ದಳು, ಏನು ಮಾಡುತ್ತಿದ್ದೀರಿ? ಮಲ್ಲಿಗೆ ಕಟ್ಟುತ್ತಿದ್ದೇನೆ. ಕೈ ತೊಳೆದು, ಮತ್ತೆ ಕಟ್ಟುತ್ತಿದ್ದೆ. ಗುಂಡಿ ಒತ್ತುವುದು ದಿನಕ್ಕೆ ಹತ್ತರಿಂದ ಐದಕ್ಕೆ, ಐದರಿಂದ ಒಂದಕ್ಕೆ ಬಂತು. ಭಾನುವಾರ ಭಾನುವಾರ ಇವರು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. "ಕಾಪುವಿಗೆ ಬಂದು ಇರ್ತೇನೆ ಅಂತ ಹೇಳಿದ್ದು ನಾನು. ಬಂದು ಕೂತದ್ದು ನೀನು!" ಎಂದು ಪ್ರತಿ ಸಲ ಅದೇ ಮಾತು. ಈಗ ಹಿರಿಯಡ್ಕಕ್ಕೆ ಮರಳಿದ ಮೇಲೂ ಮನೆಯ ಹಿಂದೆ ಕೆಲವು ಮಲ್ಲಿಗೆ ಗಿಡ ಹಾಕಿದ್ದೇನೆ.

ಶ್ರಾವ್ಯಳ ನೋಟುಬುಕ್ಕಿನಲ್ಲಿ ಕೊನೆಗೆ ಏನು ಬರೆದಿದ್ದಾಳೆ ಎಂದು ಕೇಳಿದೆ. ಮೂರನೆಯದು ಮೇಲು ಎಂದು ಬರೆದಿದ್ದಾಳೆ, ಅದು ಆಜ್ಞೆ ಮಾಡುವುದಿಲ್ಲ, ಕೇಳುತ್ತದೆ ಎಂದು. ಅದು ಕೇಳಿ ಬರೆದಿಟ್ಟದ್ದನ್ನು ಓದಲು ಮನೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂರಬೇಕು ಎಂದು ನಾನು ಸೇರಿಸಿ ಬರೆಸಿದೆ. ಆ ಆಪ್ ಮಾಡಿದವರು ಯಾರೋ, ಯಾವ ಊರಿನವರೋ ಗೊತ್ತಿಲ್ಲ. ಹಿರಿಯಡ್ಕದ ಒಬ್ಬಳು ಅಜ್ಜಿ ಅವರನ್ನು ನೆನೆಯುತ್ತಿದ್ದಾಳೆ ಎಂದು ಅವರಿಗೆ ತಿಳಿದರೆ ಚೆನ್ನಾಗಿತ್ತು.

ಬ್ಯಾಂಡೇಜು ಬಿಚ್ಚಿದ ಆ ಗುರುವಾರ ಸಂಜೆ ಎಲ್ಲರೂ ಮನೆಗೆ ಬಂದರು. ಮಗ ಸುರೇಶ ಕೆಲಸದಿಂದ ಬೇಗ ಬಂದು ಕೋಳಿ ತಂದ. ಪುಷ್ಪ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕಾಪುವಿನಿಂದ ಬಂದಳು. ಊಟಕ್ಕೆ ಕೋರಿ ರೊಟ್ಟಿ: ಗರಿಗರಿ ಅಕ್ಕಿರೊಟ್ಟಿ, ಮೇಲೆ ಕೋಳಿಸಾರು. ನಡುಮನೆಯಲ್ಲಿ ಎರಡು ಸಾಲಿನಲ್ಲಿ ಕೂತೆವು. ಮಕ್ಕಳು ರೊಟ್ಟಿ ಮುರಿಯುವ ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. 'ಏಳಬೇಡಿ', 'ನಡೆಯಬೇಡಿ', 'ಅಲ್ಲೇ ತಂದುಕೊಡ್ತೇವೆ' ಎಂಬುದನ್ನು ಹತ್ತು ತಿಂಗಳು ಕೇಳಿ ಕೇಳಿ ನನ್ನ ಕಿವಿ ಸೋತಿತ್ತು. ನಾನು ನನ್ನ ಜಾಗದಲ್ಲಿ ಕಾಲು ಚಾಚಿ ಕೂತಿದ್ದೆ.

ಸುಜಾತ ಪಾತ್ರೆಯೊಳಗೆ ಸೌಟು ಆಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಸಾರು ಮುಗೀತು. ಒಳಗಿಂದ ತನ್ನಿ" ಎಂದಳು.

ಪುಷ್ಪಳಿಗೆ ಸಿಟ್ಟು ಬಂತು. "ಅತ್ತಿಗೆ, ಅಮ್ಮನ ಹತ್ರ ಹೇಳುದಾ?"

"ಮತ್ತೆ ಯಾರತ್ರ? ಹತ್ತು ತಿಂಗಳು ಕೂತು ಉಂಡದ್ದು ಸಾಕು. ಕಾಲು ಉಂಟಲ್ವಾ!"

ಇವರು ಮೊದಲು ನಕ್ಕರು, ನಂತರ ಇಡೀ ಮನೆ. ನಾನು ನೆಲಕ್ಕೆ ಕೈಯೂರಿ ಎದ್ದೆ. ಬರಿಗಾಲಿಗೆ ನೆಲ ತಣ್ಣಗಿತ್ತು, ಆ ತಂಪು ಐದೂ ಬೆರಳಿಗೆ ಗೊತ್ತಾಯಿತು. ಅಡುಗೆಮನೆಗೆ ಹೋಗಿ, ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು, ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಬಡಿಸಿದೆ. ಇವರು ಎರಡು ತುಂಡು ಕೇಳಿದರು, ಮೂರು ಹಾಕಿದೆ. ಆಮೇಲೆ ನನ್ನ ಜಾಗಕ್ಕೆ ಬಂದು ಕೂತು, ರೊಟ್ಟಿ ಸಾರಿನಲ್ಲಿ ನೆನೆಯುವವರೆಗೂ ಕಾಯದೆ ತಿಂದೆ. ಸುರೇಶನ ತಟ್ಟೆ ಖಾಲಿಯಾದಾಗ ರೊಟ್ಟಿ ತರಲು ಮತ್ತೆ ಎದ್ದೆ. ಯಾರೂ ತಡೆಯಲಿಲ್ಲ.